ಪೆಟ್ರೋಲ್ ತುಂಬಿಸಲು ಗೋವಾ ಗಡಿಗೆ ಹೋದರೆ ಲಾಭವೇ?

ಪ್ರಶ್ನೆ: ನಾನು ಕಾರವಾರದಿಂದ ಅಂಕೋಲಾಕ್ಕೆ ದಿನವೂ ಬೈಕಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಶಿರಸಿಯಲ್ಲಿರುವ ತಾಯಿಯನ್ನು ನೋಡಲು ಘಟ್ಟ ಹತ್ತುವುದೂ ಇದೆ. ಪೆಟ್ರೋಲ್ ಖರ್ಚು ಕೈಮೀರುತ್ತಿದೆ. ಗೋವಾ ಗಡಿಯ ಪೋಳೆಂವರೆಗೆ ಹೋಗಿ ಗೋವಾ ದರದಲ್ಲಿ ತುಂಬಿಸಿಕೊಂಡು ಬಾ ಎಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಕಾರವಾರ

ಉತ್ತರ: ಗೋವಾದಲ್ಲಿ ದರ ಕಡಿಮೆಯಿರುವುದಕ್ಕೆ ಅಲ್ಲಿನ ರಾಜ್ಯ ತೆರಿಗೆ ಕಡಿಮೆಯಿರುವುದೇ ಮುಖ್ಯ ಕಾರಣ. ಕರ್ನಾಟಕದಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು. ಆದರೆ ನೀವು ನೋಡಬೇಕಾದದ್ದು ಲೀಟರಿನ ದರವನ್ನಲ್ಲ, ಕಿಲೋಮೀಟರಿಗೆ ತಗಲುವ ಖರ್ಚನ್ನು. ಲೀಟರಿಗೆ ಏಳು ರೂಪಾಯಿ ವ್ಯತ್ಯಾಸವಿದೆ ಎಂದಿಟ್ಟುಕೊಂಡರೆ ಹತ್ತು ಲೀಟರಿಗೆ 70 ರೂಪಾಯಿ ಉಳಿಯುತ್ತದೆ. ಹೋಗಿಬರುವ ಸುಮಾರು 30 ಕಿ.ಮೀ.ಗೆ, ಲೀಟರಿಗೆ 50 ಕಿ.ಮೀ. ಓಡುವ ಬೈಕು 60 ರೂಪಾಯಿಯಷ್ಟು ಪೆಟ್ರೋಲ್ ಕುಡಿಯುತ್ತದೆ. ಬೇರೆ ಕೆಲಸಕ್ಕೆ ಗಡಿ ದಾಟುವ ದಿನ ತುಂಬಿಸಿಕೊಳ್ಳಿ, ಅದಕ್ಕೆಂದೇ ಹೋಗಬೇಡಿ. ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದು ಮನೆಯಲ್ಲಿಡುವುದಂತೂ ಬೇಡವೇ ಬೇಡ. ಅದರ ಆವಿಗೆ ಅಡುಗೆಮನೆಯ ಒಂದು ಕಿಡಿ ಸಾಕು.

ನಿಮ್ಮ ನಿಜವಾದ ಖರ್ಚು ಅಂಕೋಲಾ ದಾರಿಯಲ್ಲಿದೆ. ದಿನಕ್ಕೆ 70 ಕಿ.ಮೀ. ಎಂದರೆ ತಿಂಗಳಿಗೆ 3,500 ರೂಪಾಯಿಯ ಆಸುಪಾಸು. ಅದೇ ಹೊತ್ತಿಗೆ ಅತ್ತ ಹೋಗುವ ಸಹೋದ್ಯೋಗಿಯೊಬ್ಬರು ಸಿಕ್ಕಿ, ಒಂದು ವಾರ ನಿಮ್ಮ ಬೈಕು, ಇನ್ನೊಂದು ವಾರ ಅವರದು ಎಂದು ಹೊಂದಿಸಿಕೊಂಡರೆ ಇದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬೈಕಿನಲ್ಲೇ ಹೋಗುವುದಾದರೆ ಬೇರೆ ಯಾವ ಉಪಾಯವೂ ಇಷ್ಟು ಉಳಿಸದು. ಸಮಯ ಹೊಂದುವುದಾದರೆ ಕೊಂಕಣ ರೈಲ್ವೆಯ ಪ್ಯಾಸೆಂಜರ್ ಗಾಡಿಯನ್ನೂ ಸಾರಿಗೆ ಸಂಸ್ಥೆಯ ಬಸ್ ಪಾಸನ್ನೂ ವಿಚಾರಿಸಿ. ಮನೆಯ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವೇ ಇಲ್ಲದಿರುವಾಗ, ಅವರನ್ನು ಬಿಟ್ಟುಬರಲು ಬೈಕು ತೆಗೆಯುವ ಅಗತ್ಯವಿದೆಯೇ ಎಂದೂ ಯೋಚಿಸಿ.

ಶಿರಸಿ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆಂದು ಗೇರ್ ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಡುವವರು ಬಹಳ. ಇದು ಅಪಾಯ, ಜೊತೆಗೆ ತಪ್ಪು ಲೆಕ್ಕ. ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ 2020ರ ನಂತರದ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರ್ ಬದಲು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಇದೆ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಚಕ್ರವೇ ಎಂಜಿನ್ನನ್ನು ತಿರುಗಿಸುವುದರಿಂದ ಪೆಟ್ರೋಲ್ ಹರಿವು ಸಾಮಾನ್ಯವಾಗಿ ನಿಂತುಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಗೇರ್‌ನ ಹಿಡಿತ ಬ್ರೇಕನ್ನೂ ಕಾಯುತ್ತದೆ.

ಕರಾವಳಿಯ ಮಳೆಗೆ ಬ್ರೇಕ್ ಡ್ರಮ್ಮಿನೊಳಗೆ ತುಕ್ಕು ಕೂತು ಚಕ್ರ ಬಿಗಿಯಾಗಿ ಪೆಟ್ರೋಲ್ ಹೆಚ್ಚು ಖರ್ಚಾಗುವುದುಂಟು. ಬೈಕನ್ನು ನಡುಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ: ಒಂದೆರಡು ಸುತ್ತಿಗೇ ಉಜ್ಜಿ ನಿಂತರೆ ಬ್ರೇಕ್ ಬಿಡಿಸಿ ಸ್ವಚ್ಛಮಾಡಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಿಸಬೇಕು. ವೇಗ 50ರ ಆಸುಪಾಸಿನಲ್ಲಿ ಒಂದೇ ಸಮನಾಗಿರಲಿ.

ಬಂಕಿನಲ್ಲಿ ಅಳತೆ ಕಡಿಮೆಯೆನಿಸಿದರೆ ಸುಮ್ಮನಿರಬೇಡಿ. ಅಲ್ಲಿರಲೇಬೇಕಾದ ಮುದ್ರೆಯೊತ್ತಿದ ಐದು ಲೀಟರ್ ಮಾಪನದಲ್ಲಿ ಅಳೆದು ತೋರಿಸುವಂತೆ ಕೇಳುವುದು ನಿಮ್ಮ ಹಕ್ಕು. ಐದು ಲೀಟರಿಗೆ 25 ಮಿ.ಲೀ.ಗಿಂತ ಹೆಚ್ಚು ಕೊರತೆ ಕಂಡರೆ, ರಸೀದಿಯೊಂದಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ.