ಕಾಂಗೋದಲ್ಲಿ ಚೀನಾ ಗಣಿ ಪಡೆದು ರಸ್ತೆ ಕಟ್ಟಿಕೊಡುವ ಒಪ್ಪಂದ ಹೇಗೆ ನಡೆಯುತ್ತದೆ?

ಚೀನಾ-ಕಾಂಗೋ ಜಂಟಿ ಗಣಿ ಕಂಪನಿಯಾದ ಸಿಕೋಮೈನ್ಸ್‌ನ 2008ರ ಒಪ್ಪಂದವನ್ನೇ ನೋಡಿ. ಕೊಲ್ವೇಜಿಯ ತಾಮ್ರ-ಕೋಬಾಲ್ಟ್ ಗಣಿಯಲ್ಲಿ ಚೀನೀ ಕಂಪನಿಗಳಿಗೆ 68% ಪಾಲು, ಕಾಂಗೋದ ಸರ್ಕಾರಿ ಕಂಪನಿ ಜೆಕಾಮಿನ್ಸ್ ಕಡೆಗೆ 32%. ಪ್ರತಿಯಾಗಿ ರಸ್ತೆ, ಆಸ್ಪತ್ರೆಗಳಿಗೆ, 2009ರ ತಿದ್ದುಪಡಿಯಂತೆ, 300 ಕೋಟಿ ಡಾಲರ್ ಸಾಲ. ಈ ದುಡ್ಡು ಬಹುಪಾಲು ಕಾಂಗೋದ ಖಜಾನೆ ಮುಟ್ಟದೆ, ಚೀನಾದ ಬ್ಯಾಂಕಿನಿಂದ ಚೀನೀ ಗುತ್ತಿಗೆದಾರರಿಗೇ ಹೋಗುತ್ತದೆ. ಸಾಲ ತೀರುವುದು ಗಣಿಯ ಲಾಭದಿಂದ. ಎಡವಟ್ಟಾಗುವುದು ಇಲ್ಲೇ. ಅದಿರಿನ ಬೆಲೆಯನ್ನೂ ಕಾಮಗಾರಿಯ ಖರ್ಚನ್ನೂ ಹೊರಗಿನವರು ಅಳೆಯದಿದ್ದರೆ, ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬ ಲೆಕ್ಕವೇ ಸಿಗದು. 2023ರಲ್ಲಿ ಕಾಂಗೋದ ಹಣಕಾಸು ತಪಾಸಣಾ ಸಂಸ್ಥೆ ಪರಿಶೀಲಿಸಿದಾಗ, ಮೂಲಸೌಕರ್ಯಕ್ಕೆ ಬಂದದ್ದು ಸುಮಾರು 82 ಕೋಟಿ ಡಾಲರ್ ಮಾತ್ರ! 2024ರ ಮರುಮಾತುಕತೆಯಲ್ಲಿ ಮೊತ್ತ 700 ಕೋಟಿಗೇರಿತು. ಆದರೆ ಮೂಲಸೌಕರ್ಯಕ್ಕೆ ಬರುವ ವಾರ್ಷಿಕ ಕಂತು ತಾಮ್ರದ ಬೆಲೆಯನ್ನು ಅವಲಂಬಿಸಿದೆ, 68-32ರ ಪಾಲೂ ಹಾಗೆಯೇ ಉಳಿದಿದೆ.