ಹೊಳೆಯ ಸೆಳೆತದಲ್ಲಿ ಸಣ್ಣ ದೋಣಿಯನ್ನು ಜೆಟ್ಟಿಗೆ ತಾಗಿಸುವುದು ಹೇಗೆ?

ಹೊನ್ನಾವರದ ಬಳಿ ಶರಾವತಿಯಲ್ಲಿ 18 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ (ಹಿಂಬದಿಗೆ ಸಿಕ್ಕಿಸುವ ಎಂಜಿನ್). ಜೆಟ್ಟಿಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ತರುವಾಗ ಮೂತಿ ಗುದ್ದುತ್ತದೆ, ಇಲ್ಲವೇ ಹಿಂಬದಿ ಹೊರಕ್ಕೆ ತಿರುಗಿಬಿಡುತ್ತದೆ ಎಂದಿದ್ದೀರಿ. ನೀರು ಹರಿಯುವ ದಿಕ್ಕಿನಲ್ಲೇ ಬರುತ್ತಿದ್ದೀರಿ ಅನಿಸುತ್ತದೆ. ಸೆಳೆತಕ್ಕೆ ಮುಖ ಕೊಟ್ಟೇ ಬನ್ನಿ.

ಲೆಕ್ಕ ನೋಡಿ. ಸೆಳೆತ ಗಂಟೆಗೆ 3 ಕಿ.ಮೀ., ದೋಣಿ ನೀರಿನಲ್ಲಿ 4 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಎದುರಾಗಿ ಬಂದರೆ ಜೆಟ್ಟಿಯ ಹತ್ತಿರ ನಿಮ್ಮ ವೇಗ 1 ಕಿ.ಮೀ., ಹರಿವಿನ ಜೊತೆ ಬಂದರೆ 7! ದೋಣಿಗೆ ಬ್ರೇಕ್ ಇಲ್ಲ, ಸೆಳೆತವೇ ಬ್ರೇಕ್.

ಸಮುದ್ರದ ಇಳಿತದ ಹೊತ್ತಿಗೆ ನೀರು ಪಡುವಣಕ್ಕೆ ಓಡುತ್ತದೆ, ಮಧ್ಯಾಹ್ನದ ಗಾಳಿ ಅದೇ ಪಡುವಣದಿಂದ ಬೀಸುತ್ತದೆ. ಯಾವುದು ಜೋರು? ಐವತ್ತು ಮೀಟರ್ ದೂರದಲ್ಲಿ ನ್ಯೂಟ್ರಲ್ ಹಾಕಿ, ದೋಣಿ ಎತ್ತ ಜಾರುತ್ತದೆ ನೋಡಿ. ಅದಕ್ಕೆ ಎದುರಾಗಿ ಬನ್ನಿ.

ಅಲ್ಲೇ ತಯಾರಿಯನ್ನೂ ಮುಗಿಸಿ: ಜೆಟ್ಟಿಗೆ ತಾಗುವ ದೋಣಿಯ ಬದಿಗೆ ಟೈರುಗಳನ್ನು ಇಳಿಬಿಡಿ, ಎಂಜಿನ್ ನಿಲ್ಲಿಸುವ ಕೆಂಪು ದಾರ ಮಣಿಕಟ್ಟಿಗಿರಲಿ. 12 ಮಿ.ಮೀ. ನೈಲಾನ್ ಹಗ್ಗ ಹಿಂದೆ ಮುಂದೆ ಕಟ್ಟಿಡಿ. ಒಬ್ಬರೇ ಇದ್ದರೆ ಮುಂದಿನ ಹಗ್ಗದ ತುದಿಯನ್ನು ದೋಣಿಯಂಚಿನ ಹೊರಗಿನಿಂದ ಹಿಂದಕ್ಕೆ ತಂದು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ನೀರಿಗೆ ಜೋತುಬಿದ್ದರೆ ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಳ್ಳುತ್ತದೆ.

ಇಪ್ಪತ್ತು-ಮೂವತ್ತು ಡಿಗ್ರಿ ಓರೆಯಾಗಿ ಬನ್ನಿ. ಎರಡು ಸೆಕೆಂಡ್ ಗೇರು, ಆಮೇಲೆ ನ್ಯೂಟ್ರಲ್. ಔಟ್‌ಬೋರ್ಡಿಗೆ ಬೇರೆ ಚುಕ್ಕಾಣಿ ಇಲ್ಲದ್ದರಿಂದ ನ್ಯೂಟ್ರಲ್‌ನಲ್ಲಿ ದೋಣಿ ಮಾತು ಕೇಳುವುದಿಲ್ಲ. ಮೊದಲು ಎಂಜಿನ್ನಿನ ಹಿಡಿ ತಿರುಗಿಸಿ, ಆಮೇಲೆ ಗೇರ್ ಹಾಕಿ. ಒಂದು ದೋಣಿಯುದ್ದ ಉಳಿದಾಗ ಹಿಡಿಯನ್ನು ಜೆಟ್ಟಿಯ ಕಡೆ ತಳ್ಳಿ, ಮುಂದಕ್ಕೆ ಹೋಗುವ ಗೇರ್ ಒಂದೇ ಕ್ಷಣ: ಮೂತಿ ಹೊರಕ್ಕೆ ತಿರುಗಿ ದೋಣಿ ಸಮಾಂತರವಾಗುತ್ತದೆ. ಈಗ ಹಿಡಿಯನ್ನು ಜೆಟ್ಟಿಯಿಂದ ಆಚೆ ತಿರುಗಿಸಿ ರಿವರ್ಸ್. ಹಿಂಬದಿ ಒಳಕ್ಕೆ ಎಳೆದುಕೊಂಡು ದೋಣಿ ನಿಲ್ಲುತ್ತದೆ. ಬಹಳ ಜನ ಈ ಕೊನೆಯದನ್ನೇ ಬಿಟ್ಟುಬಿಡುತ್ತಾರೆ.

ಮುಂದಿನ ಹಗ್ಗವನ್ನೇ ಮೊದಲು ಕಟ್ಟಿ. ಹಿಂದಿನದನ್ನು ಮೊದಲು ಕಟ್ಟಿದರೆ ಸೆಳೆತ ಮೂತಿಯನ್ನು ಹಿಡಿದು ದೋಣಿಯನ್ನೇ ಗಿರಕಿ ಹೊಡೆಸುತ್ತದೆ.

ತಪ್ಪಿತೆನಿಸಿದರೆ ಕೈಕಾಲು ಕೊಟ್ಟು ತಡೆಯಬೇಡಿ, ಜಿಗಿಯಲೂ ಬೇಡಿ. ಜನ, ಎಂಜಿನ್ ಸೇರಿ ಐನೂರು ಕಿಲೋ ದಾಟುವ ದೋಣಿ ಬೆರಳನ್ನು ಜಜ್ಜಿಬಿಡುತ್ತದೆ. ಹೊಳೆಯ ನಡುವೆ ಹೋಗಿ ಮತ್ತೆ ಬನ್ನಿ.

ಕಟ್ಟಿ ಹೋಗುವ ಮುಂಚೆ ಭರತವೋ ಇಳಿತವೋ ನೋಡಿ. ತುಂಬು ಭರತದಲ್ಲಿ ಬಿಗಿದು ಕಟ್ಟಿದರೆ, ಆರು ಗಂಟೆ ಕಳೆದು ಬರುವಾಗ ದೋಣಿ ಹಗ್ಗಕ್ಕೆ ನೇತಾಡುತ್ತಿರುತ್ತದೆ.