ಟೆಕ್ಸಾಸ್‌ನಲ್ಲಿ ಮಡ್ ತೆರಿಗೆ ಇರುವ ಮನೆ ಕೊಳ್ಳಬಹುದಾ?

ತಿಂಗಳು ತಿಂಗಳು ನೀರಿನ ಬಿಲ್ ಕಟ್ಟಿದ ಮೇಲೂ ಈ ಮಡ್ ತೆರಿಗೆ ಯಾಕೆ, ಅದಿಲ್ಲದ ಕಡೆ ಮನೆ ಕೊಳ್ಳೋದೇ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. 2021ರಲ್ಲಿ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಹುಡುಕುವಾಗ ನಾನೂ ಸಿಕ್ಕವರಿಗೆಲ್ಲ ಇದನ್ನೇ ಕೇಳಿದ್ದೆ. ಬೆಂಗಳೂರಿನಲ್ಲಿ ನೀರಿನ ಬಿಲ್ ಜಲಮಂಡಳಿಗೆ, ಮನೆ ಕಂದಾಯ ಪಾಲಿಕೆಗೆ. ಆ ಲೆಕ್ಕ ತಲೆಯಲ್ಲಿದ್ದವನಿಗೆ ಇದು ಅರ್ಥವಾಗಲಿಲ್ಲ.

ನಾವು ಕೊಂಡ ಬಡಾವಣೆ ಯಾವ ನಗರದ ಗಡಿಯೊಳಗೂ ಇಲ್ಲ. ಅಲ್ಲಿಗೆ ಪೈಪ್ ಎಳೆದುಕೊಡುವವರು ಯಾರೂ ಇರಲಿಲ್ಲ. ಅದಕ್ಕೇ ಅಲ್ಲಿ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ಅಂದರೆ ಮಡ್, ಅನ್ನುವ ಸ್ಥಳೀಯ ಸರ್ಕಾರಿ ಸಂಸ್ಥೆ ಇದೆ. ಕೊಳವೆ, ಒಳಚರಂಡಿ, ಮಳೆನೀರಿನ ಕಾಲುವೆಗೆ ಡೆವಲಪರ್ ಮೊದಲು ತನ್ನ ದುಡ್ಡು ಹಾಕುತ್ತಾನೆ. ಮನೆಗಳು ಎದ್ದ ಮೇಲೆ ಮಡ್ ಬಾಂಡ್, ಅಂದರೆ ಸಾಲಪತ್ರ, ಮಾರಿ ಅವನ ದುಡ್ಡು ವಾಪಸ್ ಕೊಡುತ್ತದೆ. ಆ ಬಾಂಡಿನ ಅಸಲು, ಬಡ್ಡಿ ತೀರಿಸುವುದು ನಮ್ಮ ಆಸ್ತಿ ತೆರಿಗೆ. ಅದರ ಜೊತೆ ನಿರ್ವಹಣೆಗೆ ಅಂತ ಒಂದು ಸಣ್ಣ ಭಾಗವೂ ಇರುತ್ತದೆ. ನೀರಿನ ಬಿಲ್ ನಾವು ಬಳಸಿದ ನೀರಿಗೆ. ಇಷ್ಟೇ ವಿಷಯ.

ನನ್ನನ್ನು ಹೊಡೆದಿದ್ದು ಈ ತೆರಿಗೆ ಅಲ್ಲ. ಮೊದಲ ವರ್ಷದ ಬಿಲ್ಲನ್ನು ನಿಜ ಅಂತ ನಂಬಿದ್ದು. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಟೆಕ್ಸಾಸ್‌ನಲ್ಲಿ ಆಸ್ತಿಯ ಬೆಲೆ ಕಟ್ಟುವುದು ಜನವರಿ 1ರ ಸ್ಥಿತಿ ನೋಡಿ. ನಾವು ಮನೆ ಸೇರಿದ್ದು ಆಗಸ್ಟ್‌ನಲ್ಲಿ. ಆ ಜನವರಿ 1ಕ್ಕೆ ಅಲ್ಲಿ ಇದ್ದದ್ದು ಬರೀ ಖಾಲಿ ಸೈಟು, ಬೆಲೆ 60,000 ಡಾಲರ್. ಶಾಲೆ, ಕೌಂಟಿ, ಮಡ್ ಎಲ್ಲ ಸೇರಿ ನಮ್ಮ ದರ 100 ಡಾಲರಿಗೆ 3.20. ಅದರಲ್ಲಿ ಮಡ್‌ನದೇ 1.20. ಆ ವರ್ಷದ ಬಿಲ್ 1,920 ಡಾಲರ್ ಬಂತು. ಸಾಲ ಕೊಟ್ಟ ಸಂಸ್ಥೆ ಅದನ್ನೇ 12ರಿಂದ ಭಾಗಿಸಿ, ತಿಂಗಳಿಗೆ 160 ಡಾಲರ್ ಎಸ್ಕ್ರೋಗೆ, ಅಂದರೆ ತೆರಿಗೆ ಕಟ್ಟಲು ಅವರೇ ಇಟ್ಟುಕೊಳ್ಳುವ ಖಾತೆಗೆ, ಹಿಡಿಯಿತು. ಎಲ್ಲರೂ ಸುಮ್ನೆ ಹೆದರಿಸಿದ್ದಾರೆ ಅಂದುಕೊಂಡೆ. ಎರಡನೇ ಕಾರು ತೆಗೆದುಕೊಂಡೆ.

ಮುಂದಿನ ಜನವರಿ 1ಕ್ಕೆ ಅಲ್ಲಿ 4 ಲಕ್ಷ ಡಾಲರಿನ ಮನೆ ನಿಂತಿತ್ತು. ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ ಕಳೆದ ಮೇಲೂ ಬಿಲ್ ಸುಮಾರು 12,300. ನಾವು ಇಡೀ ವರ್ಷ ಕಟ್ಟಿದ್ದು 1,920. ಉಳಿದದ್ದನ್ನು ಸಾಲ ಕೊಟ್ಟವರೇ ಕಟ್ಟಿ, ಆಮೇಲೆ ಪತ್ರ ಕಳಿಸಿದರು. ಹೊಸ ವರ್ಷದ ತೆರಿಗೆಗೆ ತಿಂಗಳಿಗೆ ಸಾವಿರದ ಮೇಲೆ, ಹಳೇ ಬಾಕಿಗೆ ಇನ್ನೂ 865. ಒಟ್ಟಿಗೆ ತಿಂಗಳ ಕಂತು 1,700 ಡಾಲರಿಗಿಂತ ಜಾಸ್ತಿ ಏರಿತು. ಆ ಬೇಸಿಗೆಯಲ್ಲಿ ಹಾಸನಕ್ಕೆ ಹೋಗಬೇಕಿತ್ತು, ಅಮ್ಮ ಮೊಮ್ಮಗಳನ್ನು ಇನ್ನೂ ನೋಡಿರಲಿಲ್ಲ. ಟಿಕೆಟ್ ಬುಕ್ ಮಾಡಲೇ ಇಲ್ಲ. ಫೋನಿನಲ್ಲಿ ಹೇಳಿದಾಗ ಅಮ್ಮ "ಇರಲಿ ಬಿಡು, ಮುಂದಿನ ವರ್ಷ ಬಾ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ "ಮಡ್ ಇದೆಯಾ ಇಲ್ಲವಾ" ಅನ್ನುವ ಪ್ರಶ್ನೆಯೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ನಗರದೊಳಗೆ ಕೊಂಡರೆ ನಗರದ ತೆರಿಗೆ ಕಟ್ಟುತ್ತೀರಿ. ಇಲ್ಲವೇ ಪೈಪಿನ ಖರ್ಚು ಮನೆಯ ಬೆಲೆಯಲ್ಲೇ ಸೇರಿರುತ್ತದೆ. ಪುಕ್ಕಟೆ ಪೈಪ್ ಎಲ್ಲೂ ಇಲ್ಲ. ಒಟ್ಟು ದರ ಕೇಳಿ. ಅದನ್ನು ಸೈಟಿನ ಬೆಲೆಗಲ್ಲ, ಮನೆಯ ಪೂರ್ತಿ ಬೆಲೆಗೆ ಹಾಕಿ 12ರಿಂದ ಭಾಗಿಸಿ. ಮೊದಲ ತಿಂಗಳಿಂದಲೇ ಅಷ್ಟು ಹಿಡಿಯಿರಿ ಅಂತ ಸಾಲ ಕೊಡುವವರಿಗೆ ಬರೆದು ಕೊಡಿ. ಒಪ್ಪದಿದ್ದರೆ ಬೇರೆ ಖಾತೆಯಲ್ಲಿ ನೀವೇ ಎತ್ತಿಡಿ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಾರುವವರು ಮಡ್ ಬಗ್ಗೆ ಒಂದು ನೋಟಿಸ್ ಕೊಡಲೇಬೇಕು ಅಂತ ಕಾನೂನಿದೆ. ಅದರಲ್ಲಿ ತೆರಿಗೆ ದರ, ಮತದಾರರು ಒಪ್ಪಿದ ಬಾಂಡ್ ಎಷ್ಟು, ಅದರಲ್ಲಿ ಮಾರಿದ್ದು ಎಷ್ಟು, ಎಲ್ಲ ಇರುತ್ತದೆ. ಒಪ್ಪಿದ್ದಕ್ಕೂ ಮಾರಿದ್ದಕ್ಕೂ ದೊಡ್ಡ ಅಂತರ ಇದ್ದರೆ ಇನ್ನೂ ಸಾಲ ಬರಬಹುದು. ಮನೆಗಳು ಹೆಚ್ಚಿದರೆ ದರ ಇಳಿಯುತ್ತದೆ ಅನ್ನುವ ಮಾತು ಆಗ ಅಷ್ಟು ಬೇಗ ನಿಜವಾಗುವುದಿಲ್ಲ.

ಮಡ್‌ಗೆ 5 ಜನರ ಮಂಡಳಿ ಇದೆ, ನಾವೇ ಓಟು ಹಾಕಿ ಆರಿಸಬಹುದು. ಸಭೆಗೆ ಯಾರು ಬೇಕಾದರೂ ಹೋಗಬಹುದು. ನಾನು ಈಗ ತಪ್ಪದೆ ಹೋಗುತ್ತೇನೆ. ಹೋದ ವರ್ಷ ನಮ್ಮ ಮಡ್ ದರ 1.20ರಿಂದ 1.02ಕ್ಕೆ ಇಳಿಯಿತು. ಆ ಸಂಜೆ ಅಲ್ಲಿ ಕೂತಿದ್ದ ಮನೆ ಮಾಲೀಕರು ನಾವು ಮೂವರೇ.